ಮೂರು ಗಂಟೆ ಉರಿಯುವ ದೀಪ

ಚನ್ನಪಟ್ಟಣ
೧೨ ಜನವರಿ ೨೦೨೪

ಕೆಂಪರಾಜು,

ಕಳೆದ ನವೆಂಬರ್ ಹದಿನೆಂಟು, ಶನಿವಾರ, ಸಂಜೆ ಏಳೂಕಾಲಕ್ಕೆ ನಮ್ಮೂರ ಗುಡ್ಡದ ತಿರುವಿನಲ್ಲಿ ಬಂಡಿದಾರಿಗೆ ಅಡ್ಡಲಾಗಿ ತೋಡಿ ಬಿಟ್ಟಿದ್ದ ಸೊಂಟದಾಳದ ಕಾಲುವೆಗೆ ಸೈಕಲ್ ಸಮೇತ ಬಿದ್ದು ನನ್ನ ಮಗಳು ಧನುಶ್ರೀ ಸತ್ತಳು. ಮಾರನೆಯ ಬೆಳಿಗ್ಗೆ, ನಾನು ಆಸ್ಪತ್ರೆಯ ಶವಾಗಾರದ ಮುಂದೆ ಕೂತಿದ್ದಾಗ, ಆ ಕಾಲುವೆ ಮುಚ್ಚಿಹೋಯಿತು. ಡಿಸೆಂಬರ್ ನಾಲ್ಕಕ್ಕೆ ನಿಮ್ಮ ಪಂಚಾಯಿತಿ ಸ್ಥಳ ಪರಿಶೀಲನೆಯ ವರದಿ ಬರೆಯಿತು. ಅದರಲ್ಲಿ ಕಾಲುವೆಯ ಸುದ್ದಿಯೇ ಇಲ್ಲ. "ಸವಾರಳು ದೀಪ ಉರಿಸದೆ ಕತ್ತಲಲ್ಲಿ ನಿರ್ಲಕ್ಷ್ಯದಿಂದ ಚಲಾಯಿಸಿದ್ದೇ ಕಾರಣ" ಎಂದಿದೆ. ಕೆಳಗಿನ ಐದು ರುಜುಗಳಲ್ಲಿ ಮೂರನೆಯದು ಸದಸ್ಯನಾದ ನಿನ್ನದು.

ಆ ರುಜು ನನಗೆ ಗೊತ್ತು. ನೀನು ಅದನ್ನು ಮೊದಲು ಸ್ಲೇಟಿನ ಮೇಲೆ ಬರೆದಾಗ ಪಕ್ಕದಲ್ಲಿ ಕೂತಿದ್ದವನು ನಾನು. ಕೆರೆ ಏರಿಯ ಹುಣಸೆಮರಗಳನ್ನು ನೀನು ಕಡಿಸಿದ್ದಕ್ಕೆ ನಾನು ಪತ್ರಿಕೆಗೆ ಬರೆದೆ, ನೀನು ಮಾತು ಬಿಟ್ಟೆ. ಅದಕ್ಕೆ ಈಗ ಇಪ್ಪತ್ತೆರಡು ವರ್ಷ. ಆ ಜಗಳ ಹಾಗೇ ಇರಲಿ. ಇದು ಬೇರೆ.

ಕಾಲುವೆ ಇರಲಿಲ್ಲ ಎನ್ನುತ್ತೀರಿ. ಆಂಬುಲೆನ್ಸಿನಲ್ಲಿ ಬಂದ ನಿಖಾತ್, ಧನುವಿನ ಜೊತೆ ಕೆಲಸ ಮಾಡುತ್ತಿದ್ದ ನರ್ಸು, ಡಾಂಬರು ರಸ್ತೆಯಿಂದ ಅಲ್ಲಿಗೆ ಓಡಿಹೋಗಿ, ಅದರೊಳಗೆ ಬಿದ್ದಿದ್ದ ಸೈಕಲ್ಲನ್ನು ಕಣ್ಣಾರೆ ನೋಡಿದ್ದಾಳೆ. ಅವಳ ಮಾತನ್ನು ನಿಮ್ಮಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ನಿನಗೆ ಮುನಿಶಾಮಯ್ಯನ ನೆನಪಿದೆಯೇ? ೧೯೭೧ರಲ್ಲಿ ಇದೇ ದಾರಿಗೆ ಮೋರಿ ಹಾಕಿದಾಗ, ರಸ್ತೆ ಗ್ಯಾಂಗಿನ ಆ ಮನುಷ್ಯ ಎರಡು ಬದಿಗೂ ಕೆಂಪು ಗಾಜಿನ ಲಾಟೀನು ಇಟ್ಟು, ನಡುವೆ ಕಂಬಳಿ ಹೊದ್ದು ಕೂರುತ್ತಿದ್ದ. ನಮ್ಮಿಬ್ಬರಿಗೂ ಕಡಲೆಕಾಯಿ ಸುಟ್ಟು ಕೊಡುತ್ತಿದ್ದ. "ಇದು ಮುಚ್ಚೋಗಂಟ ನಂಗೆ ನಿದ್ದೆ ಇಲ್ಲ ಕಣ್ರಲಾ" ಅನ್ನುತ್ತಿದ್ದ. ಆಗ ಊರಿಗೆ ಕರೆಂಟು ಬಂದಿರಲಿಲ್ಲ.

ನನ್ನ ಮಗಳು ದೀಪದ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದವಳೋ ಅಲ್ಲವೋ ನೀನೇ ನೋಡು. ಅವಳ ಎರಡು ಕಾಗದಗಳ ನಕಲು ಜೊತೆಗಿದೆ. ಓದಿ, ಕಾಲುವೆ ಇತ್ತೋ ಇಲ್ಲವೋ ಎಂಬ ಒಂದು ಸಾಲು ಬರೆ.

ಅನಂತರಾಜು

*

(ಮೊದಲ ನಕಲು)

ಕನಕಪುರ
೨೭ ಆಗಸ್ಟ್ ೨೦೨೩

ಅಪ್ಪಾ,

ಫೋನಿನಲ್ಲಿ ಕೇಳಿದರೆ "ಬರೆದು ಕಳಿಸು, ಓದಿ ಯೋಚಿಸ್ತೀನಿ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಮಾಗಡಿ ಕಡೆ ಸಾವನದುರ್ಗದ ಸುತ್ತ ಒಂದು ರಾತ್ರಿ ಸವಾರಿ ಇದೆ. ಡಾಂಬರು ರಸ್ತೆಯಲ್ಲ, ಬಂಡೆ, ಮರಳು, ದನದ ಜಾಡು. ಹೆಸರು ಕೊಟ್ಟಿದ್ದೇನೆ. ನನ್ನ ಡ್ಯೂಟಿ ಮುಗಿಯುವುದೇ ಐದಕ್ಕೆ, ಊರಿಗೆ ಬಂದು ಸೈಕಲ್ ಹತ್ತುವಷ್ಟರಲ್ಲಿ ಕತ್ತಲು. ಅಭ್ಯಾಸಕ್ಕೆ ನಮ್ಮೂರ ಗುಡ್ಡದ ದಾರಿಗಿಂತ ಒಳ್ಳೆಯದು ಮರಳವಾಡಿ ಸುತ್ತಮುತ್ತ ಎಲ್ಲೂ ಇಲ್ಲ. ಬೇಕಾಗಿರುವುದು ಒಂದು ದೀಪ.

ಅಂಗಡಿಯವನು ಹತ್ತು ಸಾವಿರ ಲೂಮೆನ್ ಎಂದು ಬರೆದ ಡಬ್ಬ ತೋರಿಸಿದ. ನಿಖಾತ್ ಅದನ್ನು ನೋಡಿ, "ಇಷ್ಟು ಬೆಳಕಿದ್ರೆ ಆಪರೇಷನ್ ಥಿಯೇಟರ್‌ಗೇ ಹಾಕಿಸ್ಬೋದು ಕಣೇ" ಅಂದಳು. ಒಬ್ಬರು ದೀಪ ಹೆಲ್ಮೆಟ್ಟಿಗೇ ಇರಬೇಕು ಅನ್ನುತ್ತಾರೆ, ಇನ್ನೊಬ್ಬರು ಹ್ಯಾಂಡಲ್ಲಿಗೇ ಅನ್ನುತ್ತಾರೆ. ಡಬ್ಬದ ಮೇಲೆ ಬರೆದದ್ದನ್ನು ನಂಬಬಾರದು ಅಂತ ಕಲಿಸಿದವನು ನೀನು. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೂತವನು, ಒಂದು ದೀಪ ಆರಿಸಿಕೊಡು ನೋಡೋಣ.

ಅಮ್ಮನಿಗೆ ಈಗಲೇ ಹೇಳಬೇಡ. "ಕತ್ಲಲ್ಲಿ ಗುಡ್ಡ ಹತ್ತೋಕೆ ನೀನೇನು ಚಿರತೆಯಾ" ಅಂತಾಳೆ.

ನಿನ್ನ ಧನು

*

(ಎರಡನೆಯ ನಕಲು)

ಕನಕಪುರ
೫ ನವೆಂಬರ್ ೨೦೨೩

ಅಪ್ಪಾ,

ನೀನು ಆರಿಸಿದ ದೀಪಕ್ಕೆ ನೂರಕ್ಕೆ ನೂರು. ಹ್ಯಾಂಡಲ್ಲಿಗೆ ದೊಡ್ಡದು, ತಲೆಗೆ ಚಿಕ್ಕದು. ಅಂಗಡಿಯ ಪ್ಲಾಸ್ಟಿಕ್ ಹಿಡಿಕೆ ಎರಡನೇ ದಿನಕ್ಕೇ ಬಿರುಕು ಬಿಟ್ಟಿತ್ತಲ್ಲ, ಬೊಂಬೆ ಮಾಡುವ ಓವೈಸಣ್ಣನ ಹತ್ತಿರ ನೀನು ಕಡೆಸಿ ಕೊಟ್ಟ ಆಲೆಮರದ ಹಿಡಿಕೆ ಕಲ್ಲಿನಂತೆ ಕೂತಿದೆ. ಕೆಂಪು ಅರಗು ಬಳಿದಿರುವುದರಿಂದ ಎಲ್ಲರೂ ಮುಟ್ಟಿ ನೋಡುತ್ತಾರೆ. "ಇದೇನ್ರೀ, ಸೈಕಲ್ಲಿಗೆ ಗಿಲಕಿ ಕಟ್ಟಿದೀರ" ಅಂತ ಒಬ್ಬ ಕೇಳಿದ.

ನೀನು ಹೇಳಿದ್ದು ನಿಜ. ದೀಪ ಕೆಳಗಿದ್ದರೆ ಪ್ರತಿ ಕಲ್ಲಿಗೂ, ಪ್ರತಿ ಕೊರಕಲಿಗೂ ನೆರಳು ಹುಟ್ಟುತ್ತದೆ. ತಲೆಯ ದೀಪವೊಂದೇ ಇದ್ದರೆ ನೆಲವೆಲ್ಲ ಸಪಾಟಾಗಿ ಕಾಣುತ್ತದೆ. ಒಂದು ಸಲ ಬೇಕೆಂದೇ ಪರೀಕ್ಷೆ ಮಾಡಿ ನೋಡಿದೆ, ಭಯವಾಯಿತು.

ನೀನು ಕೊನೆಯಲ್ಲಿ ಬರೆದ ಮಾತನ್ನೂ ತಪ್ಪದೆ ಪಾಲಿಸುತ್ತಿದ್ದೇನೆ. ತಿರುವಿನ ಮನೆಯ ದೊಡ್ಡಲಕ್ಷ್ಮಮ್ಮಜ್ಜಿಗೆ ಎಷ್ಟು ಖುಷಿಯೋ, ನಿಲ್ಲಿಸಿ ಕಡಲೆಪುರಿ ಕೊಟ್ಟಳು.

ದೀಪಾವಳಿಗೆ ಬರುತ್ತೇನೆ. ಅಮ್ಮನಿಗೆ ಆಗ ನಾನೇ ಹೇಳುತ್ತೇನೆ.

ಧನು

*

ಊರಿಂದ
೨ ಫೆಬ್ರವರಿ ೨೦೨೪

ಅನಂತ,

ನಿನ್ನಂಗೆ ಬರಿಯಕ್ಕೆ ನಂಗೆ ಬರಕಿಲ್ಲ. ಬಾಯಲ್ಲಿ ಬಂದಂಗೆ ಬರೀತೀನಿ.

ಕಾಗ್ದ ಮೂರು ಸತಿ ಓದ್ದೆ. ಆ ಮಗೀನ ಎತ್ಕಂಡು ಟ್ರ್ಯಾಕ್ಟರ್ ಲೈಟಲ್ಲಿ ಟಾರ್ ರೋಡ್‌ಗಂಟ ತಂದೋನು ನಾನು ಕಣ್ಲಾ. ಆ ಅಂಗೀನ ಇನ್ನೂ ಒಗ್ಸಿಲ್ಲ. ಮುನಿಶಾಮಯ್ಯನ ಕತೆ ನಂಗೆ ಹೇಳ್ತೀಯ? ಅವ್ನು ಕೊಟ್ಟ ಕಡ್ಲೆಕಾಯ್ನ ನೀನು ಒಂದೂ ಬುಡ್ದಂಗೆ ತಿಂದ್ಬುಟ್ಟು ನಂಗೆ ಸಿಪ್ಪೆ ಕೊಡ್ತಿದ್ದೆ, ಅದು ನೆನಪೈತಾ?

ಗುಂಡಿ ಇತ್ತಾ ಇರ್ನಿಲ್ವಾ ಅಂತ ನನ್ನ ಕೇಳ್ಬೇಡ. ವರದೀಲಿ ಏನೈತೋ ಅದೇ ನನ್ನ ಮಾತು. ನಾನು ಒಬ್ನೇ ಅಲ್ಲ ರುಜು ಆಕಿರೋದು.

ಆದ್ರೆ ಒಂದು ಮಾತು ಮಾತ್ರ ತಾಯಾಣೆ ನಿಜ. ದೀಪ ಉರೀತಿರ್ನಿಲ್ಲ. ನಾನು ಓಡೋಗಿ ನೋಡಿದಾಗ ಸೈಕಲ್ ದೀಪ ಕಪ್ಪುಗೆ ಕೂತಿತ್ತು. ತಲೆ ಮೇಲಿಂದು ಮಾತ್ರ ಒಸಿ ಮಿಣಿ ಮಿಣಿ ಅಂತಿತ್ತು. ಅದೆಷ್ಟು ಪುಸ್ತಕ ಓದಿ ಆರಿಸ್ದೆಯೋ, ಎಂಥಾ ದೀಪ ತಕ್ಕೊಟ್ಟೆಯೋ, ನೀನೇ ನೋಡ್ಕೊ.

ಮನೇಲಿ ಲತಾಮಣವ್ವನ್ನ ಕೇಳ್ದೆ ಅಂತೇಳು.

ಕೆಂಪರಾಜು

*

ಚನ್ನಪಟ್ಟಣ
೧೮ ಫೆಬ್ರವರಿ ೨೦೨೪

ಕೆಂಪರಾಜು,

ನಿನ್ನ ಕಾಗದ ಬಂದ ಮೇಲೆ ಎರಡು ವಾರ ಕಳೆಯಿತು. ನಾನು ಆರಿಸಿದ ದೀಪ ನಡುದಾರಿಯಲ್ಲಿ ಕೈಕೊಟ್ಟಿತು ಎಂಬುದನ್ನು ಜೊತೆಗಿಟ್ಟುಕೊಂಡು ಊಟಕ್ಕೆ ಕೂರುತ್ತಿದ್ದೆ, ಏಳುತ್ತಿದ್ದೆ.

ಮೊನ್ನೆ ಸೈಕಲ್ಲನ್ನು ಠಾಣೆಯಿಂದ ಬಿಡಿಸಿಕೊಂಡು ಬಂದೆ. ಮುಂದಿನ ಚಕ್ರ ಎಂಟರ ಅಂಕಿಯಂತೆ ತಿರುಚಿಕೊಂಡಿದೆ. ಓವೈಸ್ ಕಡೆದ ಹಿಡಿಕೆಗೆ ಒಂದು ಗೀರೂ ಬಿದ್ದಿಲ್ಲ. ದೀಪದ ಗಾಜಿನ ಮೂಲೆ ಮಾತ್ರ ಸೀಳಿದೆ. ಮೂರು ತಿಂಗಳು ಠಾಣೆಯ ಮೂಲೆಯಲ್ಲಿ ಬಿದ್ದಿದ್ದ ದೀಪ, ಇನ್ನೇನು ಉಳಿದಿರುತ್ತದೆ ಎಂದುಕೊಂಡು ಸುಮ್ಮನೆ ಸ್ವಿಚ್ಚು ಒತ್ತಿದೆ. ಗೋಡೆ ಬೆಳ್ಳಗಾಯಿತು. ಲತಾಮಣಿ ಅಡುಗೆಮನೆಯಿಂದ ಬಂದು ನಿಂತಳು.

ಆಮೇಲೆ ಪೂರ್ತಿ ಚಾರ್ಜು ಮಾಡಿ, ಗಡಿಯಾರ ಮುಂದಿಟ್ಟುಕೊಂಡು ಇಬ್ಬರೂ ಕೂತೆವು. ಮೂರು ಗಂಟೆ ಹತ್ತು ನಿಮಿಷ ಉರಿಯಿತು. ಅಷ್ಟೂ ಹೊತ್ತು ಅವಳು ಒಂದೇ ಮಾತು ಕೇಳಿದ್ದು: "ಚೆನ್ನಾಗೇ ಐತಲ್ವಾ?" "ಐತೆ" ಅಂದೆ.

ಅದನ್ನು ಆರಿಸಲು ಸ್ವಿಚ್ಚನ್ನು ಎರಡು ಎಣಿಸುವಷ್ಟು ಹೊತ್ತು ಅದುಮಿ ಹಿಡಿಯಬೇಕು. ಬಿದ್ದ ಏಟಿಗೆ ಆರುವಂಥದ್ದಲ್ಲ. ಬೇಕೆಂದೇ ಅಂಥದ್ದನ್ನು ಆಯ್ದುಕೊಂಡಿದ್ದೆ. ಅಂದರೆ ದೀಪ ಕೆಟ್ಟಿರಲಿಲ್ಲ. ನೀನು ಹೇಳಿದಂತೆ ಆರಿದ್ದೂ ನಿಜವಾದರೆ, ಅವಳೇ ಆರಿಸಿದ್ದಳು. ತಲೆಯ ದೀಪವೊಂದರಲ್ಲಿ ಹೋಗಿ ಭಯಪಟ್ಟವಳು, ಕತ್ತಲ ತಿರುವಿನಲ್ಲಿ ದೊಡ್ಡ ದೀಪವನ್ನು ತಾನಾಗಿ ಆರಿಸಿದ್ದೇಕೆ?

ಆ ತಿರುವಿನಲ್ಲಿರುವುದು ಕೆಂಚಯ್ಯನವರದೊಂದೇ ಮನೆ. ಅವರ ಮನೆಯ ದೊಡ್ಡಲಕ್ಷ್ಮಮ್ಮನವರಿಗೂ ಇಂದೇ ಬರೆದಿದ್ದೇನೆ. ನೀನು ಹೇಳದಿದ್ದರೆ ಅವರು ಹೇಳಬಹುದು.

ಅನಂತರಾಜು

*

ಊರಿಂದ
೩ ಮಾರ್ಚ್ ೨೦೨೪

ಲೈಬ್ರರಿ ಮೇಷ್ಟ್ರಿಗೆ ನಮಸ್ಕಾರ.

ನಾನು ಅಮೂಲ್ಯ, ದೊಡ್ಡಲಕ್ಷ್ಮಮ್ಮನವರ ಮೊಮ್ಮಗಳು. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ತಿದ್ದಬೇಡ ಅಂದಿದ್ದಾಳೆ.

ಮೇಷ್ಟ್ರೇ, ಆ ಗುಂಡಿ ತೋಡಿದ್ದು ಗುರುವಾರ. ನಮ್ಮ ಮನೆ ದಾಟಿ ಎಂಬತ್ತು ಹೆಜ್ಜೆ. ನೀರಿನ ಪೈಪು ಆಕಕ್ಕೆ ಅಂದ್ರು. ಏನಾರ ಅಡ್ಡ ಇಡ್ರಪ್ಪ ಅಂದೆ. ನಮ್ಮ ತೋಟದ್ದೇ ನಾಕು ಹಿಪ್ಪುನೇರಳೆ ಕಡ್ಡಿ ಮುರ್ಕಂಡು ಸೊಪ್ಪಿನ ಸಮೇತ ನೆಟ್ಬುಟ್ಟೋದ್ರು. ಸೊಪ್ಪು ನೆಟ್ರೆ ಆಡು ಬುಟ್ಟಾವಾ? ನಮ್ಮ ಆಡುಗಳೇ ಶುಕ್ರವಾರ ಮಧ್ಯಾನ್ನಕ್ಕೆ ಬುಡಮಟ್ಟ ತಿಂದ್ಬುಟ್ವು. ಇನ್ನೊಂದ್ಸತಿ ನೆಡ್ರಪ್ಪಾ ಅಂದ್ರೆ, "ನಾಳೆ ಪೈಪು ಬತ್ತದೆ, ಬುಡಜ್ಜಿ" ಅಂದ್ರು. ಪೈಪೂ ಬರ್ನಿಲ್ಲ, ಕಡ್ಡೀನೂ ಇಲ್ಲ.

ಶನಿವಾರ ನಮ್ಮ ರೇಸ್ಮೆ ಹುಳ ಹಣ್ಣಾಗಿದ್ವು, ಗೂಡು ಕಟ್ಟಕ್ಕೆ ತಯಾರು. ಬಿದಿರಿನ ಚಂದ್ರಿಕೆ ತಟ್ಟೆಗೆ ಬುಟ್ಟು ಜಗಲಿ ಮೇಲೆ ಸಾಲಾಗಿ ನಿಲ್ಸಿದ್ದೆ. ಗೂಡು ಕಟ್ಟೋ ಹುಳಕ್ಕೆ ಬೆಳಕು ಚುಚ್ಚಿದ್ರೆ ಎಲ್ಲ ಕತ್ಲು ಕಡೆ ಸರ್ಕಂಡು ಗುಂಪು ಕಟ್ಕತವೆ, ಎರಡೆರಡು ಸೇರಿ ಒಂದೇ ಗೂಡು ಕಟ್ಬುಡ್ತವೆ. ಆ ಜೋಡಿಗೂಡಲ್ಲಿ ನೂಲು ಬರಕಿಲ್ಲ. ನಿಮಗೆ ಗೊತ್ತಿರದೇನಲ್ಲ, ನೀವೂ ಹುಳ ಮೇಯಿಸ್ದೋರ ಮನೇಲೇ ಉಟ್ಟೋರು.

ನಿಮ್ಮ ಮಗು ಯಾವಾಗ ಬಂದ್ರೂ ಸೀಬೆಮರದ ತಾವ ಇಳ್ದು ಕೇಳೋಳು, "ಅಜ್ಜೀ, ಹಣ್ಣಾದ್ವಾ?" ಅಂತ. ಆಗವೆ ಅಂದ್ರೆ ದೊಡ್ಡ ದೀಪ ಆರಿಸ್ಬುಟ್ಟು ಮೆಲ್ಲಗೆ ದಾಟೋಳು. "ನಮ್ಮಪ್ಪ ಬರೆದವ್ರೆ" ಅಂತ ಒಂದಿನ ಕಾಗ್ದ ತೋರಿಸ್ತು. ಅವತ್ತೂ ಕೇಳ್ತು. "ಆಗವೆ ಕಣವ್ವ, ಉಸಾರು" ಅಂದೆ. ಕೈತುಂಬ ಹುಳ ಇದ್ವು. ಮುಂದೆ ಗುಂಡಿ ಐತೆ ಅನ್ನೋ ಒಂದು ಮಾತು ಬಾಯಿಗೆ ಬರ್ನಿಲ್ಲ. ಆಮ್ಯಾಲೆ ಸದ್ದು ಕೇಳ್ತು.

ಆ ಸತಿ ನಮ್ಮ ಬೆಳೇಲಿ ಒಂದೂ ಜೋಡಿಗೂಡು ಬರ್ನಿಲ್ಲ ಮೇಷ್ಟ್ರೇ. ನಲವತ್ತು ವರ್ಸದಲ್ಲಿ ಇದೇ ಮೊದಲು. ರಾಮನಗರದ ಮಾರ್ಕೆಟ್ಟಲ್ಲಿ ಎಲ್ಲರೂ ಚೆನ್ನಾಗೈತೆ ಅಂದ್ರು. ನಾನು ಗಾಡಿಯಿಂದ ಇಳೀನೇ ಇಲ್ಲ.

ಭಾನುವಾರ ಒತ್ತಾರೆ ಜೇಸಿಬಿ ಬಂದು ಮುಚ್ತು. ಯಾರು ಬಂದು ಕೇಳಿದ್ರೂ ಏಳ್ತೀನಿ. ಇಷ್ಟು ದಿನ ಯಾರೂ ಕೇಳ್ನಿಲ್ಲ.

ದೊಡ್ಡಲಕ್ಷ್ಮಮ್ಮ (ಹೆಬ್ಬೆಟ್ಟು)
ಬರೆದವಳು: ಅಮೂಲ್ಯ

*

ಕನಕಪುರ
೨೦ ಮಾರ್ಚ್ ೨೦೨೪

ಅಂಕಲ್,

ನೀವು ಫೋನಿನಲ್ಲಿ ಕೇಳಿದ ಕಾಗದ ಸಿಕ್ಕಿತು. ಧನು ಅದನ್ನು ಡ್ಯೂಟಿ ಡೈರಿಯೊಳಗೆ ಇಟ್ಟಿದ್ದಳು. ಓದಬಾರದಿತ್ತು, ಓದಿದೆ. ಕಳಿಸಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ಆಂಟಿ ಹತ್ತಿರ ಇರುವಾಗಲೇ ತೆರೆಯಿರಿ, ದಯವಿಟ್ಟು.

ಕಾಲುವೆಯ ವಿಷಯ ನಾನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ.

ನಿಖಾತ್

(ಜೊತೆಗಿದ್ದ ಕಾಗದ)

ಚನ್ನಪಟ್ಟಣ
೧೦ ಸೆಪ್ಟೆಂಬರ್ ೨೦೨೩

ಮಗಳೇ,

ನಾಲ್ಕು ಊರಿನ ಸವಾರರು ಬರೆದದ್ದನ್ನು ಓದಿದೆ. ಡಬ್ಬದ ಮೇಲಿನ ಸಾವಿರಗಳನ್ನು ಮರೆತುಬಿಡು. ಎಷ್ಟು ಹೊತ್ತು ಒಂದೇ ಸಮ ಉರಿಯುತ್ತದೆ, ಬೆಳಕು ಅಗಲಕ್ಕೆ ಹರಡುತ್ತದೋ ದೂರಕ್ಕೆ ಚಾಚುತ್ತದೋ, ಕೈಗವಸು ಹಾಕಿದ ಬೆರಳಿಗೆ ಸ್ವಿಚ್ಚು ಸಿಗುತ್ತದೋ, ಇಷ್ಟು ಕೇಳು. ಹ್ಯಾಂಡಲ್ಲಿಗೆ ಅಗಲ ಬೆಳಕಿನ ದೊಡ್ಡದು, ತಿರುವಿನಲ್ಲಿ ಅತ್ತಿತ್ತ ನೋಡಲು ತಲೆಗೊಂದು ಚಿಕ್ಕದು. ಎರಡೂ ಬೇಕು.

ಯಾಕೆಂದು ಕೇಳುತ್ತೀಯ. ನಿನ್ನೆ ಮೊರದಲ್ಲಿ ರಾಗಿಹಿಟ್ಟು ಹರಡಿ, ಬೆರಳಿನಲ್ಲಿ ಒಂದು ಕುಳಿ ಒತ್ತಿದೆ. ಟಾರ್ಚನ್ನು ನನ್ನ ಹಣೆಗೆ ಹಿಡಿದು ನೋಡಿದರೆ ಕುಳಿಯೇ ಕಾಣಲಿಲ್ಲ. ಮೊರದ ಅಂಚಿಗೆ ತಗ್ಗಿಸಿ ಹಿಡಿದರೆ ಕುಳಿ ಬಾಯ್ತೆರೆದುಕೊಂಡಿತು. ನಿಮ್ಮಮ್ಮ ಬಂದು, "ರಿಟೈರಾದೋರಿಗೆ ಹಿಟ್ಟಲ್ಲಿ ಆಟ" ಅಂದಳು. ವಿಷಯ ಹೇಳಲಿಲ್ಲ.

ಕೊನೆಗೊಂದು ಮಾತು. ಗುಡ್ಡದ ತಿರುವಿನಲ್ಲಿ ದೊಡ್ಡಲಕ್ಷ್ಮಮ್ಮನವರ ಮನೆ. ಹಣ್ಣುಹುಳ ಚಂದ್ರಿಕೆಗೆ ಬಿಟ್ಟ ದಿನ ಆ ಜಗಲಿಯ ಮುಂದೆ ದೊಡ್ಡ ದೀಪ ಬಿಡಬೇಡ. ಇಳಿದು ಕೇಳು, ಆರಿಸಿ ದಾಟು. ನೂರು ಹೆಜ್ಜೆಯ ದಾರಿ, ನಿನಗೆ ಗೊತ್ತಿರುವುದೇ, ಏನೂ ಆಗುವುದಿಲ್ಲ. ನಮ್ಮ ಸಂತೋಷಕ್ಕೆ ಇನ್ನೊಬ್ಬರ ತಿಂಗಳ ದುಡಿಮೆ ಕೆಡಬಾರದು.

ಅಪ್ಪ

*

ಊರಿಂದ
೯ ಜೂನ್ ೨೦೨೪

ಅನಂತ,

ಎಲೆಕ್ಷನ್ ಮುಗೀಲಿ ಅಂತ ಸುಮ್ನಿದ್ದೆ. ಅದು ಸುಳ್ಳು, ಎದರ್ಕಂಡು ಸುಮ್ನಿದ್ದೆ.

ಅಜ್ಜಿ ನಿಂಗೆ ಬರೆಸಿದ್ದನ್ನ ನನ್ನ ಮುಂದೇನೂ ಏಳಿದ್ಲು, ಅದೆಲ್ಲ ನಿಜ. ಪೈಪಿನ ಕೆಲ್ಸ ಮಾಡುಸ್ತಿದ್ದೋನು ನಾನು. ಕಡ್ಡಿ ನೆಟ್ರೆ ಸಾಕು ಅಂದೋನೂ ನಾನೇ. ಆವತ್ತು ನಿನ್ನ ಮಗಳನ್ನ ಆಂಬುಲೆನ್ಸಿಗೆ ಅತ್ತಿಸ್ಬುಟ್ಟು ಅಲ್ಲೇ ಕಲ್ಲಿನ ಮ್ಯಾಲೆ ಕೂತಿದ್ದೆ. "ಬೆಳಕರಿಯೋದ್ರೊಳ್ಗೆ ಮುಚ್ಚುಸ್ಬುಡು, ಇಲ್ದಿದ್ರೆ ಎಲ್ರಿಗೂ ಸುತ್ಕತದೆ" ಅಂತ ಫೋನು ಬಂತು. ಮುಚ್ಚುಸ್ದೆ. ಫೋನು ಮಾಡಿದ್ದು ಯಾರು ಅಂತ ಏಳಕ್ಕಿಲ್ಲ.

ಓದಿ ಸುಟ್ಟಾಕು. ನಮ್ಮಿಬ್ರ ಮಧ್ಯೆ ಇರ್ಲಿ. ನನ್ನ ಎಷ್ಟು ಬೇಕಾದ್ರೂ ಬೈಯಿ, ಮನೆಗೆ ಬಂದು ಬೈಯಿ.

ಕೆಂಪ

*

ಚನ್ನಪಟ್ಟಣ
೧೬ ಜೂನ್ ೨೦೨೪

ಕೆಂಪ,

ಸುಟ್ಟಿಲ್ಲ. ಯಾರಿಗೂ ತೋರಿಸಿಯೂ ಇಲ್ಲ. ನಿನ್ನ ಕಾಗದವನ್ನು ಇದರೊಳಗೇ ಮಡಿಸಿಟ್ಟು ವಾಪಸು ಕಳಿಸಿದ್ದೇನೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ನನಗೆ ಎಲ್ಲವೂ ನೆನಪಿರುತ್ತದೆ ಎಂದು ಜನ ಹೇಳುತ್ತಾರೆ, ನಾನೂ ಅದನ್ನು ನಂಬಿದ್ದೆ. ಮುನಿಶಾಮಯ್ಯನ ಲಾಟೀನು ನೆನಪಿತ್ತು. ನೀನು ಕಡಿಸಿದ ಹುಣಸೆಮರಗಳು ಹನ್ನೊಂದು ಎಂಬುದು ನೆನಪಿತ್ತು. ನನ್ನ ಮಗಳಿಗೆ ದೀಪ ಆರಿಸು ಎಂದು ನನ್ನ ಕೈಯಲ್ಲೇ ಬರೆದದ್ದು ನೆನಪಿರಲಿಲ್ಲ. ಅವಳ ಕೊನೆಯ ಕಾಗದವನ್ನು ದಿನಕ್ಕೆರಡು ಸಲ ಓದುತ್ತಿದ್ದೆ. ಕಡಲೆಪುರಿ ಕಾಣುತ್ತಿತ್ತು, ಅದರ ಹಿಂದಿನ ಮಾತು ಕಾಣುತ್ತಿರಲಿಲ್ಲ. ದೀಪ ಹಣೆಗಿದ್ದರೆ ಕುಳಿ ಕಾಣುವುದಿಲ್ಲ ಎಂದು ಅವಳಿಗೆ ಪಾಠ ಹೇಳಿದವನೇ, ಅದೇ ಕಾಗದದ ಕೊನೆಗೆ, ಹಣೆಯ ದೀಪವೊಂದರಲ್ಲೇ ದಾಟು ಎಂದು ಬರೆದಿದ್ದೆ. ಗೊತ್ತಿರುವ ದಾರಿ, ಏನೂ ಆಗುವುದಿಲ್ಲ ಎಂದೂ ಬರೆದಿದ್ದೆ.

ನಿಖಾತ್ ಹೇಳಿದಂತೆ ಲತಾಮಣಿಯ ಎದುರಿಗೇ ತೆರೆದೆ. ಅವಳು ಓದಿ ಮಡಿಸಿ ನನ್ನ ಕೈಗಿಟ್ಟಳು. ಅವತ್ತು ಅಡುಗೆ ಮಾಡಲಿಲ್ಲ. ಮಾರನೆಯ ದಿನ ಮಾಡಿದಳು. ಅಷ್ಟೇ. ದಿನಾ ಬೆಳಿಗ್ಗೆ ಆ ದೀಪವನ್ನು ಸೆರಗಿನಿಂದ ಒರೆಸುತ್ತಾಳೆ, ಸೀಳಿದ ಮೂಲೆಗೆ ಬಟ್ಟೆ ಸಿಕ್ಕಿಕೊಳ್ಳದಂತೆ.

ನಿನ್ನನ್ನು ಬೈಯಲು ನಿಮ್ಮ ಮನೆಗೆ ಬರುವುದಿಲ್ಲ. ಹಜಾರದಲ್ಲಿ ಕೂತು ಬೈದು, ನೀನು ಅತ್ತು, ನಿಮ್ಮ ಮನೆಯವರು ಕಾಫಿ ಕೊಟ್ಟು, ಅಲ್ಲಿಗೆ ಮುಗಿದುಹೋಗುತ್ತದೆ. ಪಂಚಾಯಿತಿಯ ಕಪಾಟಿನಲ್ಲಿ ಮಾತ್ರ "ನಿರ್ಲಕ್ಷ್ಯದಿಂದ" ಎಂಬುದು ನನ್ನ ಮಗಳ ಹೆಸರಿನ ಮುಂದೆ ಹಾಗೇ ಇರುತ್ತದೆ. ಇನ್ನು ಐವತ್ತು ವರ್ಷ ಕಳೆದು ಯಾರೋ ಆ ಕಡತ ತೆಗೆದು ಓದಿದರೆ, ದೀಪ ಹಚ್ಚದೆ ಹೋದ ಹುಡುಗಿ ಎಂದುಕೊಳ್ಳುತ್ತಾರೆ. ಇನ್ನೊಬ್ಬರ ಹುಳ ಕೆಡಬಾರದೆಂದು ಇಳಿದು, ಕೇಳಿ, ಆರಿಸಿದವಳು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಹಳೆಯ ಕಾಗದಗಳ ನಡುವೆ ಕೆಲಸ ಮಾಡಿದವನು ನಾನು. ಬರೆದದ್ದು ಉಳಿಯುತ್ತದೆ, ಕೆಂಪ.

ಇದೇ ತಿಂಗಳ ಇಪ್ಪತ್ತೊಂಬತ್ತು, ಶನಿವಾರ, ಹನ್ನೊಂದು ಗಂಟೆಗೆ ಗ್ರಾಮಸಭೆ ಇದೆ. ನಾನು ಬರುತ್ತೇನೆ. ಲತಾಮಣಿ ಬರುತ್ತಾಳೆ, ನಿಖಾತ್ ಬರುತ್ತಾಳೆ. ದೊಡ್ಡಲಕ್ಷ್ಮಮ್ಮನವರು ನಡೆದೇ ಬರುತ್ತಾರಂತೆ.

ಮೊದಲು ಏಳುವವನು ನಾನು. ಆ ತಿರುವಿನಲ್ಲಿ ದೀಪ ಆರಿಸು ಎಂದು ಹೇಳಿದ್ದು ನಾನೇ ಎಂದು ಇಡೀ ಊರಿನ ಮುಂದೆ ಹೇಳುತ್ತೇನೆ, ನನ್ನ ಕಾಗದವನ್ನೂ ಓದುತ್ತೇನೆ. ಆಮೇಲೆ ಆ ದೀಪವನ್ನು ಹಚ್ಚಿ ಮೇಜಿನ ಮೇಲಿಟ್ಟು ಕೂರುತ್ತೇನೆ. ಅದು ಮೂರು ಗಂಟೆ ಹತ್ತು ನಿಮಿಷ ಉರಿಯುತ್ತದೆ, ನೋಡಿದ್ದೇನೆ. ಅಷ್ಟರೊಳಗೆ ನೀನು ವಾಪಸು ಬಂದ ನಿನ್ನ ಕಾಗದ ಹಿಡಿದು ಎದ್ದು ನಿಂತು ಓದು. ಗುರುವಾರ ತೋಡಿಸಿದ್ದು ಯಾರು, ಶನಿವಾರದವರೆಗೆ ಒಂದು ಕೆಂಪು ದೀಪವನ್ನೂ ಇಡದೆ ಬಿಟ್ಟಿದ್ದು ಯಾರು, ಅವತ್ತು ನಿನಗೆ ಫೋನು ಮಾಡಿದ್ದು ಯಾರು, ಕಾಲುವೆ ಇಲ್ಲದ ವರದಿಯನ್ನು ಬರೆದ ಕೈ ಯಾವುದು? ಉತ್ತರವನ್ನು ನಮ್ಮ ಮನೆಗೆ ಕಳಿಸಬೇಡಿ. ಅಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿ.

ಅನಂತರಾಜು
ಧನುಶ್ರೀಯ ತಂದೆ